ಹಿಂದಿನ ಬೆಂಚಿಗೊಂದು ಸಣ್ಣ ಪಿಸ್ತೂಲು

ಸಿಡಾರ್ ಫೋರ್ಕ್, ಆರ್ಕನ್ಸಾ
ಮಾರ್ಚ್ 4, 2018

ಪ್ರೀತಿಯ ವರ್ಲನ್ ಅಣ್ಣ,

ನಾನು ಕ್ಷೇಮ. ಫೋನ್ ಮಾಡಿದರೆ ನೀನು "ಆಂ? ಆಂ?" ಅನ್ನುವುದರಲ್ಲೇ ಹೊತ್ತು ಹೋಗುತ್ತದೆ, ಅದಕ್ಕೇ ಈ ಕಾಗದ. ಐವತ್ತು ವರ್ಷ ಕಿವಿಗೆ ಏನೂ ಇಟ್ಟುಕೊಳ್ಳದೆ ಊರವರ ಬಂದೂಕೆಲ್ಲ ರಿಪೇರಿ ಮಾಡಿ ಹಾರಿಸಿ ನೋಡಿದವನ ಕಿವಿ ಇನ್ನೆಷ್ಟು ಉಳಿದೀತು. ಆರ್ಡಿತ್ ಅತ್ತಿಗೆ ಇದ್ದಾಗ ನನ್ನ ಮಾತನ್ನು ನಿನಗೆ ಕೂಗಿ ಹೇಳಲು ಒಬ್ಬಳಾದರೂ ಇದ್ದಳು.

ಒಂದು ಸಲಹೆ ಬೇಕು. ನಗಬೇಡ. ನನಗೊಂದು ಸಣ್ಣ ಪಿಸ್ತೂಲು ಬೇಕಾಗಿದೆ. ಭಾನುವಾರ ಉಡುವ ಬಟ್ಟೆಯೊಳಗೆ ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಳ್ಳುವಂಥದ್ದು.

ವಿಷಯ ಹೀಗಿದೆ. ನನ್ನ ರಾಯ್ಸ್ ಒಂಬತ್ತು ವರ್ಷ ನಮ್ಮ ಚರ್ಚಿನಲ್ಲಿ ಬಾಗಿಲ ಪಕ್ಕದ ಹಿಂದಿನ ಬೆಂಚಿನಲ್ಲಿ ಕೂತದ್ದು ನಿನಗೆ ಗೊತ್ತು. ಅಲ್ಲಿ ಇಲ್ಲಿ ಚರ್ಚುಗಳಿಗೆ ನುಗ್ಗಿ ಗುಂಡು ಹಾರಿಸಿದ ಸುದ್ದಿ ಬರತೊಡಗಿದ ಮೇಲೆ ನಮ್ಮವರೂ ಐದು ಜನರನ್ನು ಕಾವಲಿಗೆ ಆರಿಸಿದರು. ಬಾಗಿಲ ಪಕ್ಕದ ಜಾಗ ರಾಯ್ಸ್‌ನದು. ಕೋಟಿನ ಕೆಳಗೆ ಪಿಸ್ತೂಲು, ಪಕ್ಕದಲ್ಲಿ ನಾನು. ಅವನು ತೀರಿಕೊಂಡ ಮೇಲೆ ನಾಲ್ಕು ತಿಂಗಳು ಆ ಜಾಗ ಖಾಲಿಯೇ ಇತ್ತು. ಕಳೆದ ವಾರ ಪಾಸ್ಟರ್ ಟಾಲಿವರ್ ಸಭೆಯಲ್ಲಿ, ಅಲ್ಲಿ ಯಾರು ಕೂರುತ್ತೀರಿ ಅಂತ ಕೇಳಿದರು. ಡೆಲ್ಮರ್ ಪೋಗ್ ಕೈ ಎತ್ತುವ ಮೊದಲೇ ನಾನು ಎತ್ತಿಬಿಟ್ಟೆ. ಡೆಲ್ಮರ್ ಅಂದರೆ ಬಾಯಲ್ಲಿ ಯಾವಾಗಲೂ ಪೆಪ್ಪರ್ಮಿಂಟ್ ಇಟ್ಟುಕೊಂಡು ಎಲ್ಲರ ವ್ಯವಹಾರದಲ್ಲೂ ಮೂಗು ತೂರಿಸುವವನು. ಅವನು ನನ್ನ ಕೈ ನೋಡಿ ನಕ್ಕ. ಉಳಿದವರೂ ನಕ್ಕರು. ಆದರೆ ಪಾಸ್ಟರ್ ನಗಲಿಲ್ಲ. ಸೆಪ್ಟೆಂಬರ್ ಒಂದಕ್ಕೆ ಶೆರಿಫ್ ಕಚೇರಿಯವರು ಪರೀಕ್ಷೆ ನಡೆಸುತ್ತಾರೆ, ಏಳು ಗಜ ದೂರದಿಂದ ಇಪ್ಪತ್ತು ಗುಂಡು, ಹದಿನಾರು ಗುರಿಗೆ ಬಿದ್ದರೆ ಜಾಗ ನಿನ್ನದು ಎಂದರು. ಅಲ್ಲಿಯವರೆಗೆ ಬರೀ ಕೂತಿರು ಎಂದರು.

ನಿನಗೆ ನಿಜ ಹೇಳುತ್ತೇನೆ. ನಮ್ಮ ಚರ್ಚಿನಲ್ಲಿ ಗಂಡ ಸತ್ತ ಹೆಂಗಸರೆಲ್ಲ ಎಡಗಡೆಯ ಮೂರನೆಯ ಬೆಂಚಿಗೆ ಹೋಗುತ್ತಾರೆ. ಹೋಗು ಅಂತ ಯಾರೂ ಹೇಳುವುದಿಲ್ಲ. ಒಂದು ಭಾನುವಾರ ಯಾರೋ ಪ್ರೀತಿಯಿಂದ ತೋಳು ಹಿಡಿದು ಕರೆದೊಯ್ಯುತ್ತಾರೆ, ಅಷ್ಟೆ. ಆ ಬೆಂಚಿನಿಂದ ಎದ್ದು ವಾಪಸ್ ಬಂದವಳನ್ನು ನಾನು ಕಂಡಿಲ್ಲ. ನನಗೆ ರಾಯ್ಸ್ ಕೂತ ಕಡೆಯೇ ಕೂರಬೇಕು.

ಅವನ ಪಿಸ್ತೂಲು ನನಗೆ ತೀರಾ ದೊಡ್ಡದು. ಕೌದಿಯಷ್ಟು ದಪ್ಪನೆಯ ಕೋಟು ಹಾಕಿಕೊಂಡರೂ ಉಬ್ಬಿ ಕಾಣುತ್ತದೆ. ಯಾವುದು ತೆಗೆದುಕೊಳ್ಳಲಿ ಹೇಳು. ಉಪದೇಶ ಬೇಡ.

ನಿನ್ನ ತಂಗಿ,
ಒಲೀಟಾ

*

ಬಿಟ್ಟರ್ ಕ್ರೀಕ್, ಮೊಂಟಾನಾ
ಮಾರ್ಚ್ 14, 2018

ಒಲೀಟಾ,

ನಗಬೇಡ ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಆ ಮೂರನೆಯ ಬೆಂಚಿನ ವಿಷಯ ಇನ್ನೊಮ್ಮೆ ಓದಿದೆ, ಆಗ ನಗು ಬರಲಿಲ್ಲ.

ಉಪದೇಶ ಬೇಡ ಅಂದರೆ ಹೇಗೆ ಮಾರಾಯ್ತಿ, ನನ್ನ ಹತ್ತಿರ ಇರುವುದು ಅದೊಂದೇ. ಕೇಳು. ಅಡಗಿಸಿ ಇಟ್ಟುಕೊಳ್ಳಲು ಪಿಸ್ತೂಲು ಕೊಳ್ಳುವವರೆಲ್ಲ ಮಾಡುವ ತಪ್ಪು ಒಂದೇ. ಎಷ್ಟು ಸಣ್ಣದಾದರೆ ಅಷ್ಟು ಒಳ್ಳೆಯದು ಅಂದುಕೊಳ್ಳುತ್ತಾರೆ. ಸಣ್ಣದು ಜೇಬಿಗೆ ಸುಖ, ಕೈಗೆ ಕಷ್ಟ. ಹಗುರವಾದಷ್ಟೂ ಜೋರಾಗಿ ಒದೆಯುತ್ತದೆ. ಹಿಡಿ ಗಿಡ್ಡ ಇದ್ದರೆ ಕಿರುಬೆರಳಿಗೆ ಜಾಗವೇ ಇರುವುದಿಲ್ಲ, ಗುಂಡು ಹಾರಿದಾಗ ಕೈಯಲ್ಲಿ ತಿರುಚಿಕೊಳ್ಳುತ್ತದೆ. ಐದು ಬೆರಳೂ ಕೂರುವ ನಡು ಗಾತ್ರದ ಒಂಬತ್ತು ಎಂಎಂ ನೋಡು. ತೆಳ್ಳಗಿರಲಿ, ಆದರೆ ಆಟಿಕೆಯಂತೆ ಇರಬಾರದು.

ಅಂಗಡಿಯವನು ನೀನು ಹೆಂಗಸು ಅಂತ ಐದು ಗುಂಡಿನ ಹಗುರ ರಿವಾಲ್ವರ್ ತೆಗೆದು ಕೈಗಿಡುತ್ತಾನೆ. ಥ್ಯಾಂಕ್ಸ್ ಹೇಳಿ ವಾಪಸ್ ಕೊಡು. ಆಮೇಲೆ ವ್ಯಾನಿಟಿ ಚೀಲದಲ್ಲಿ ಮಾತ್ರ ಇಡಬೇಡ. ಚರ್ಚಿನ ಊಟದ ದಿನ ನೀವು ಹೆಂಗಸರೆಲ್ಲ ಚೀಲ ಅಲ್ಲಲ್ಲಿ ಬಿಟ್ಟು ಅಡುಗೆಮನೆಗೆ ಓಡುತ್ತೀರಿ. ಒರೆಯಲ್ಲಿ, ಮೈಮೇಲೇ ಇರಬೇಕು. ಬಟ್ಟೆಯ ಒಳಗೆ ಸೊಂಟಕ್ಕೆ ಅಗಲದ ಪಟ್ಟಿ ಕಟ್ಟಿಕೊಂಡು ಒರೆ ಸಿಕ್ಕಿಸಿಕೊಳ್ಳುವ ಹೆಂಗಸರಿದ್ದಾರೆ, ಕೇಳು.

ಈಗಲೇ ಕೊಳ್ಳಬೇಡ. ಕೈಗೆ ತೆಗೆದುಕೊಂಡು ನೋಡು. ಗುಂಡು ಒಳಗೇರಿಸಲು ಎಳೆಯುವ ಮೇಲಿನ ಸ್ಲೈಡನ್ನು, ಸ್ಪ್ರಿಂಗಿನ ಆ ಜಾರು ಕವಚವನ್ನು, ಹತ್ತು ಸಲ ಹಿಂದಕ್ಕೆಳೆ. ಹತ್ತನೆಯ ಸಲವೂ ಸಲೀಸಾಗಿ ಬಂದರೆ ಅದು ನಿನ್ನದು. ಬರೆದು ತಿಳಿಸು. ನನ್ನ ಮೇಜಿನ ಮೇಲೆ ಎರಡು ಜೋಡಿನಳಿಗೆ ಬಂದೂಕು, ಒಂದು ರೈಫಲ್ ಕಾಯುತ್ತಿವೆ, ಕೆಲಸದ ಒತ್ತಡ.

ವರ್ಲನ್

*

ಏಪ್ರಿಲ್ 2, 2018

ಅಣ್ಣ,

ನಿನ್ನೆ ಈಸ್ಟರ್. ಹ್ಯಾಮ್ ಬೇಯಿಸಿದೆ, ಅರ್ಧ ಹಾಗೇ ಉಳಿಯಿತು, ಇಬ್ಬರಿಗೆ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ನಾನು ಚರ್ಚಿಗೆ ಐದು ನಿಮಿಷ ತಡವಾಗಿ ಹೋಗುವಷ್ಟರಲ್ಲಿ ಡೆಲ್ಮರ್ ರಾಯ್ಸ್‌ನ ಜಾಗದಲ್ಲಿ ಕೂತಿದ್ದ. ಬೆಂಚು ಬೆಚ್ಚಗಿಡುತ್ತಿದ್ದನಂತೆ. ಏಳು ಅಂದೆ. ಎದ್ದ, ಆದರೆ ಒಂದು ಮಾರು ಮಾತ್ರ ಸರಿದು ಅಲ್ಲೇ ಕೂತ. ಪ್ರಾರ್ಥನೆ ಮುಗಿಯುವವರೆಗೂ ಪೆಪ್ಪರ್ಮಿಂಟ್ ವಾಸನೆ.

ಪಕ್ಕದ ಮನೆಯ ನೇಡೀನ್ ಕಾಬ್‌ಳನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದೆ. ನೀನು ಹೇಳಿದ ಹಾಗೇ ಆಯಿತು. ಅಂಗಡಿಯವನು ನನ್ನ ಮುಖ ನೋಡಿ ನೇರಳೆ ಬಣ್ಣದ ಹಿಡಿಯಿದ್ದ ರಿವಾಲ್ವರ್ ತೆಗೆದ. ಇದು ನನ್ನ ಚಪ್ಪಲಿಗೆ ಹೊಂದುವುದಿಲ್ಲ ಅಂದೆ. ನೇಡೀನ್ ನಕ್ಕು ನಕ್ಕು ಕೆಮ್ಮಿದಳು.

ನೀನು ಹೇಳಿದ ನಡು ಗಾತ್ರದ್ದು ಮೂರು ನೋಡಿದೆ. ಈಗಿನವರು ಸ್ಪ್ರಿಂಗ್ ಯಾಕೆ ಇಷ್ಟು ಬಿಗಿ ಮಾಡುತ್ತಾರೋ. ಎರಡು ಸಲ ಎಳೆಯುವಷ್ಟರಲ್ಲಿ ಸಾಕಾಯಿತು. ಎಲ್ಲಕ್ಕಿಂತ ಸಣ್ಣದರ ಸ್ಲೈಡಂತೂ ಬರಲೇ ಇಲ್ಲ. ಹಿಂದಿನ ಕಾಲದ ಮಾಲೇ ಚೆನ್ನಾಗಿತ್ತು, ಅಲ್ವೇ. ಬೇರೆ ಏನಾದರೂ ಇದ್ದರೆ ಹೇಳು.

ಒಲೀಟಾ

*

ಏಪ್ರಿಲ್ 15, 2018

ಒಲೀಟಾ,

ಕರು ಹಾಕಲಾಗದೆ ಒದ್ದಾಡುತ್ತಿದ್ದ ಹಸುವಿನಿಂದ ಬರಿಗೈಯಲ್ಲಿ ಕರು ಎಳೆದವಳು ನೀನು. ನಿನಗೆ ಒಂದು ಸ್ಪ್ರಿಂಗ್ ಎಳೆಯಲಾಗಲಿಲ್ಲ ಅಂದರೆ ಏನರ್ಥ. ಸರಿಯಾಗಿ ಊಟ ಮಾಡುತ್ತಿಲ್ಲ ಅಂತ ಅರ್ಥ. ಆರ್ಡಿತ್ ಹೋದ ಮೇಲೆ ನಾನೂ ಮೂರು ತಿಂಗಳು ಡಬ್ಬಿಯ ಬೀನ್ಸ್ ತಿಂದುಕೊಂಡಿದ್ದೆ, ಪ್ಯಾಂಟು ಜಾರುತ್ತಿತ್ತು. ಆ ಹ್ಯಾಮ್ ಬಿಸಾಡಬೇಡ. ತಿನ್ನು.

ಎಳೆಯುವ ರೀತಿಯೂ ತಪ್ಪಿರಬಹುದು. ಎಡಗೈಯಲ್ಲಿ ಸ್ಲೈಡನ್ನು ಮೇಲಿಂದ ಇಡೀ ಅಂಗೈ ಹಾಕಿ ಹಿಡಿದುಕೋ, ಎದೆಯ ಹತ್ತಿರ ತಂದುಕೋ, ಬಲಗೈಯಿಂದ ಪಿಸ್ತೂಲನ್ನು ಮುಂದಕ್ಕೆ ನೂಕು. ಎಳೆಯಬೇಡ, ನೂಕು. ಅರ್ಧ ಭಾರ ಕಡಿಮೆಯಾಗುತ್ತದೆ. ಇನ್ನೊಂದು ಇದೆ, ಸ್ವಲ್ಪ ಚಿಕ್ಕ ಗುಂಡಿನದು, ಮುನ್ನೂರ ಎಂಬತ್ತು ಅನ್ನುತ್ತಾರೆ. ಅದರಲ್ಲೇ ಮೆದು ಸ್ಪ್ರಿಂಗ್ ಹಾಕಿ ವಯಸ್ಸಾದವರಿಗೆಂದೇ ಮಾಡಿದ್ದು ಸಿಗುತ್ತದೆ. ಒದೆತವೂ ಕಡಿಮೆ. ವಯಸ್ಸಾದವರು ಅಂದಿದ್ದಕ್ಕೆ ಸಿಟ್ಟಾಗಬೇಡ. ನಿನಗಿಂತ ಏಳು ವರ್ಷ ಮೊದಲೇ ಆ ಸಾಲಿಗೆ ಸೇರಿದವನು ನಾನು.

ವರ್ಲನ್

*

ಮೇ 20, 2018

ಅಣ್ಣ,

ಚರ್ಚಿನ ಕಚೇರಿಯ ಯಂತ್ರದಲ್ಲಿ ಟೈಪ್ ಮಾಡುತ್ತಿದ್ದೇನೆ. ನನ್ನ ಪೆನ್ನು ಸೋರುತ್ತದೆ.

ನೀನು ಹೇಳಿದ ಮೆದು ಸ್ಪ್ರಿಂಗಿನದು ನೇಡೀನ್‌ಳ ಮೈದುನನ ಹತ್ತಿರ ಇತ್ತು. ಅವರ ಹುಲ್ಲುಗಾವಲಿನಲ್ಲಿ ಹುಲ್ಲಿನ ಪೆಂಡಿಗೆ ಕಾಗದ ಅಂಟಿಸಿ ಹಾರಿಸಿ ನೋಡಿದೆ. ಸ್ಲೈಡ್ ಬಂತು. ಗುರಿ ಬರಲಿಲ್ಲ. ಹಿಡಿ ತೀರಾ ತೆಳು, ಕೈಯಲ್ಲಿ ನಿಲ್ಲುವುದಿಲ್ಲ. ಹಿಡಿಯದೇ ತಪ್ಪು, ನೇಡೀನ್ ಕೂಡ ಹಾಗೇ ಅಂದಳು.

ಡೆಲ್ಮರ್ ಅಭ್ಯಾಸದಲ್ಲಿ ಇಪ್ಪತ್ತಕ್ಕೆ ಹದಿನೆಂಟು ಹೊಡೆದನಂತೆ. ಬುಧವಾರ ಎಲ್ಲರ ಎದುರಿಗೇ ಹೇಳಿದ, "ಒಲೀಟಾ, ನಿನ್ನ ಪೀಚ್ ಪೈ ಮುಂದೆ ನನ್ನ ಪಿಸ್ತೂಲು ಏನೂ ಅಲ್ಲ. ನೀನು ಪೈ ನೋಡ್ಕೋ, ಬಾಗ್ಲು ನಾನು ನೋಡ್ಕೋತೀನಿ." ಹೊಗಳಿದನೋ ತೆಗಳಿದನೋ ಅವನಿಗೇ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ನನ್ನ ಮೈ ಉರಿದುಹೋಯಿತು.

ನೀನು ಹಿಂದೆ ಜನರ ಕೈಗೆ ತಕ್ಕಂತೆ ಮರದ ಹಿಡಿ ಮಾಡಿಕೊಡುತ್ತಿದ್ದೆಯಲ್ಲ, ನನಗೂ ಒಂದು ಮಾಡಿಕೊಡು.

ಒಲೀಟಾ

*

ಜೂನ್ 1, 2018

ನನ್ನ ಒಲೀಟಾ,

ಮಾಡಿಕೊಡದೆ ಇರುತ್ತೇನೆಯೇ. ಮೊದಲೇ ಕೇಳಬಾರದಿತ್ತೆ ನೀನು.

ಇಷ್ಟು ದಿನ ಅಂಗಡಿಯ ಮಾಲಿನ ಮಾತಾಡಿದ್ದೇ ತಪ್ಪು. ಆರ್ಡಿತ್‌ಳ ಪಿಸ್ತೂಲು ನನ್ನ ಹತ್ತಿರವೇ ಇದೆ. ಚಿಕ್ಕದು, ಆದರೆ ಪೂರ್ತಿ ಉಕ್ಕಿನದು, ತೂಕ ಇರುವುದರಿಂದ ಕೈಯಲ್ಲಿ ಕುಣಿಯುವುದಿಲ್ಲ. ಸ್ಪ್ರಿಂಗ್ ಅವಳಿಗೆಂದು ನಾನೇ ಮೆದು ಮಾಡಿದ್ದೆ. ಹಿಡಿ ಬಿಚ್ಚಿ, ನಿನ್ನ ಅಂಗೈಗೆ ತಕ್ಕಂತೆ ಅಕ್ರೋಟು ಮರದಲ್ಲಿ ಹೊಸದು ಕೂರಿಸುತ್ತೇನೆ. ಅವಳ ವಸ್ತು ನಿನ್ನ ಸೊಂಟದಲ್ಲಿ ಚರ್ಚಿಗೆ ಹೋದರೆ ಅವಳಿಗೆ ಸಂತೋಷವೇ. ನನ್ನನ್ನಂತೂ ಒಳಗೆ ಕರೆದೊಯ್ಯಲು ಅವಳಿಂದ ಆಗಲಿಲ್ಲ.

ಒಂದು ಬಿಳಿ ಹಾಳೆಯ ಮೇಲೆ ಬಲಗೈ ಅಂಗಾತ ಅಲ್ಲ, ಬೋರಲು ಇಡು. ಬೆರಳುಗಳು ಸ್ವಲ್ಪ ಬಿಡಿಸಿರಲಿ. ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆದು ಕಳಿಸು. ಎಡಗೈಯಲ್ಲಿ ಎಳೆಯಲು ಕಷ್ಟವಾದರೆ ನೇಡೀನ್‌ಳಿಗೆ ಹೇಳು. ಉಳಿದದ್ದು ನನಗೆ ಬಿಡು. ನಾನು ಕೈಯಚ್ಚು ನೋಡಿ ಮಾಡಿದ ಹಿಡಿ ಇವತ್ತಿನವರೆಗೆ ಒಂದೂ ವಾಪಸ್ ಬಂದಿಲ್ಲ.

ವರ್ಲನ್

*

ಜೂನ್ 18, 2018

ಅಣ್ಣ,

ಕೈಯಚ್ಚು ಇದರೊಳಗಿದೆ. ಇಲ್ಲಿ ಸೆಕೆ ಜಾಸ್ತಿಯಾಗಿದೆ. ಟೊಮೆಟೊ ಚೆನ್ನಾಗಿ ಬಂದಿದೆ. ನಾನು ಆರಾಮ, ಊಟವೂ ಮಾಡುತ್ತಿದ್ದೇನೆ. ಆಗಸ್ಟ್ ಮಧ್ಯದೊಳಗೆ ಕೈಗೆ ಸಿಕ್ಕಿದರೆ ಎರಡು ವಾರ ಅಭ್ಯಾಸ ಮಾಡಬಹುದು.

ಅತ್ತಿಗೆಯದನ್ನು ಕೊಡುತ್ತೀಯ ಅಂತ ಓದಿ ಅತ್ತುಬಿಟ್ಟೆ.

ಒಲೀಟಾ

*

ಜುಲೈ 9, 2018

ಒಲೀಟಾ,

ಇದು ನಿನ್ನ ಕೈ ಅಲ್ಲ.

ಮರ ಕತ್ತರಿಸಿ, ಎರಡೂ ಹೋಳು ಕೂರಿಸಿ, ಮೂರು ದಿನ ಅರ ಹಾಕಿ ಉಜ್ಜಿದ ಮೇಲೆ ಕಿರುಬೆರಳು ಕೂರುವ ಜಾಗ ಅಳೆಯಲು ಹಾಳೆಯನ್ನು ಕಿಟಕಿಗೆ ಹಿಡಿದೆ. ಕಿರುಬೆರಳು ನೆಟ್ಟಗಿದೆ. ನಿನ್ನ ಬಲಗೈಯ ಕಿರುಬೆರಳು ನೆಟ್ಟಗಿಲ್ಲ. 1961ರಲ್ಲಿ ಕೊಟ್ಟಿಗೆಯ ಗೇಟನ್ನು ಸಿಟ್ಟಿನಲ್ಲಿ ದಢಾರನೆ ಹಾಕಿ ಅದನ್ನು ಮುರಿದವನು ನಾನು. ಅಮ್ಮ ಚಮಚದ ಹಿಡಿ ಇಟ್ಟು ಬಟ್ಟೆ ಸುತ್ತಿದಳು, ಸೊಟ್ಟಗೇ ಕೂಡಿಕೊಂಡಿತು. ನಿನಗೆ ಒಂಬತ್ತು ವರ್ಷ. ಗೇಟು ಗಾಳಿಗೆ ಬಡಿಯಿತು ಅಂತ ಅಪ್ಪನಿಗೆ ನನಗಾಗಿ ಸುಳ್ಳು ಹೇಳಿದೆ. ಆ ಬೆರಳನ್ನು ನಾನು ಮರೆಯುತ್ತೇನೆ ಅಂದುಕೊಂಡೆಯಾ.

ನಿನ್ನ ಕಾಗದಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿದೆ. ಬಿಗಿ ಸ್ಪ್ರಿಂಗ್, ತೆಳು ಹಿಡಿ, ಸೋರುವ ಪೆನ್ನು. ನಾನು ಹ್ಯಾಮ್ ತಿನ್ನು ಅಂತ ಬರೆದು ಕೂತಿದ್ದೆ.

ಇದು ಯಾರ ಕೈ, ಒಲೀಟಾ? ನಿನ್ನದನ್ನು ಯಾಕೆ ಕಳಿಸಲಿಲ್ಲ?

ಬಯ್ಯುತ್ತಿಲ್ಲ. ಹೇಳು.

ಅಣ್ಣ

*

ಆಗಸ್ಟ್ 12, 2018

ಅಣ್ಣ,

ಇದನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ನಾಲ್ಕು ದಿನ ಹಿಡಿಯಿತು. ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ.

ಆ ಕೈ ನೇಡೀನ್‌ಳದು. ಮೊದಲು ನನ್ನದನ್ನೇ ಇಟ್ಟೆ, ಅವಳು ಗೆರೆ ಎಳೆದಳು. ಕೈ ಹಾಳೆಯ ಮೇಲೆ ನಿಲ್ಲಲಿಲ್ಲ. ಮೂರು ಹಾಳೆ ಹಾಳಾದ ಮೇಲೆ ಅವಳು ತನ್ನ ಕೈ ಇಟ್ಟು ತಾನೇ ಬರೆದುಕೊಂಡಳು. ನಾನೂ ಬೇಡ ಅನ್ನಲಿಲ್ಲ. ಆ ಸೊಟ್ಟ ಬೆರಳು ನನಗೇ ನೆನಪಾಗಲಿಲ್ಲ ನೋಡು.

ಪಾರ್ಕಿನ್ಸನ್ ಅಂತೆ. ಜನವರಿಯಲ್ಲಿ ಡಾಕ್ಟರು ಹೇಳಿದರು. ರಾಯ್ಸ್‌ನ ಅಂತ್ಯಕ್ರಿಯೆಯ ದಿನ ಕಾಫಿ ಕಪ್ಪು ತಟ್ಟೆಯ ಮೇಲೆ ಗಡಗಡ ಅನ್ನುತ್ತಿತ್ತು. ಎಲ್ಲರೂ ದುಃಖ ಅಂದುಕೊಂಡರು, ನಾನೂ ಹಾಗೇ ಅಂದುಕೊಂಡೆ. ಆಮೇಲೆ ದುಃಖ ಸ್ವಲ್ಪ ತಗ್ಗಿತು, ಕಪ್ಪು ತಗ್ಗಲಿಲ್ಲ. ನಿನಗೆ ಮೊದಲ ಕಾಗದ ಬರೆದಾಗಲೇ ನನಗೆ ಗೊತ್ತಿತ್ತು. ಕೆಟ್ಟದ್ದನ್ನು ಬೇಕೆಂದೇ ಮುಚ್ಚಿಟ್ಟೆ, ಕ್ಷಮಿಸು. ನಿನಗೆ ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು.

ಇದು ಗೊತ್ತಾದರೆ ಅವರು ಆ ಜಾಗ ಕೊಡುವುದಿಲ್ಲ. ತೋಳು ಹಿಡಿದು ಮೂರನೆಯ ಬೆಂಚಿಗೆ ಕರೆದೊಯ್ಯುತ್ತಾರೆ. ಅಲ್ಲಿ ಕೂತರೆ ನಾನು ಬರೀ ವಿಧವೆ, ಬರೀ ರೋಗಿ. ಹಿಂದಿನ ಬೆಂಚಿನಲ್ಲಿ ಕೂತಾಗ ಒಂದು ಗಂಟೆ ರಾಯ್ಸ್‌ನ ಹೆಂಡತಿಯಾಗಿರುತ್ತೇನೆ. ಅವನ ಭುಜ ತಾಗಿ ತಾಗಿ ಗೋಡೆಯ ಬಣ್ಣ ಅಲ್ಲಿ ಸವೆದಿದೆ. ನನಗೆ ಅದು ಬೇಕು ಅಣ್ಣ, ಬೇರೇನೂ ಬೇಡ.

ಮಾತ್ರೆ ತೆಗೆದುಕೊಂಡ ಮೇಲೆ ಎರಡು ಗಂಟೆ ಕೈ ನನ್ನ ಮಾತು ಕೇಳುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಪ್ರಾರ್ಥನೆ ಹನ್ನೊಂದಕ್ಕೆ ಶುರು, ಹನ್ನೆರಡಕ್ಕೆ ಮುಗಿಯುತ್ತದೆ. ನೀನು ಅತ್ತಿಗೆಯ ಪಿಸ್ತೂಲಿನ ಟ್ರಿಗರ್ ಇನ್ನೂ ಹಗುರ ಮಾಡಿ ಕಳಿಸು, ಮುಟ್ಟಿದರೆ ಸಾಕು ಅನ್ನುವಷ್ಟು. ಪರೀಕ್ಷೆಗೆ ಇನ್ನು ಮೂರು ವಾರವೂ ಇಲ್ಲ. ನಿನ್ನನ್ನು ನಾನು ಯಾವತ್ತೂ ಏನೂ ಕೇಳಿದವಳಲ್ಲ.

ಒಲೀಟಾ

*

ಆಗಸ್ಟ್ 20, 2018

ನನ್ನ ತಂಗಿ,

ನಿನ್ನ ಕಾಗದ ಮೂರು ಸಲ ಓದಿದೆ. ಅತ್ತುಬಿಟ್ಟೆ ಅಂತ ಹೇಳಲು ನನಗೆ ನಾಚಿಕೆಯಿಲ್ಲ.

ನೀನು ಮುಚ್ಚಿಟ್ಟದ್ದು ಹೇಳಿದೆ, ನಾನೂ ಒಂದು ಹೇಳುತ್ತೇನೆ. ನನ್ನ ಮೇಜಿನ ಮೇಲೆ ಯಾವ ಬಂದೂಕೂ ಕಾಯುತ್ತಿರಲಿಲ್ಲ. ಆರ್ಡಿತ್ ಹೋದ ಮೇಲೆ ಎರಡು ವರ್ಷ ನಾನು ರಿಪೇರಿ ಕೋಣೆಯ ಬಾಗಿಲು ತೆರೆದಿರಲಿಲ್ಲ. ಜೂನ್‌ನಲ್ಲಿ ನೀನು ಹಿಡಿ ಕೇಳಿದಾಗ ಬೀಗ ತೆಗೆದೆ. ಜೇಡರ ಬಲೆ ಗುಡಿಸಲು ಒಂದು ದಿನ ಹಿಡಿಯಿತು. ಆ ಮೂರು ದಿನ ಅರ ಹಿಡಿದಾಗ ನಾನು ಬದುಕಿದ್ದೇನೆ ಅನ್ನಿಸಿತು. ಆದ್ದರಿಂದ ಈಗ ಬರೆಯುವುದನ್ನು ಬರೆಯಲು ನನಗೆ ಎಷ್ಟು ಕಷ್ಟ ಅಂತ ನಿನಗೆ ಗೊತ್ತಾಗಲಿ.

ಟ್ರಿಗರ್ ಹಗುರ ಮಾಡುವುದು ನನಗೆ ಅರ್ಧ ದಿನದ ಕೆಲಸ. ಮಾಡುವುದಿಲ್ಲ. ಪಿಸ್ತೂಲೂ ಕಳಿಸುವುದಿಲ್ಲ.

ಟ್ರಿಗರ್ ಗಟ್ಟಿ ಇರುವುದು ಬೆರಳಿಗೆ ಇನ್ನೊಂದು ಸಲ ಯೋಚಿಸಲು ಸಮಯ ಸಿಗಲಿ ಅಂತ. ನಡುಗುವ ಬೆರಳಿಗೆ ಮುಟ್ಟಿದರೆ ಹಾರುವ ಟ್ರಿಗರ್ ಕೊಟ್ಟರೆ ಆ ಸಮಯವನ್ನು ನಾನೇ ಕಿತ್ತುಕೊಂಡಂತೆ. ಕೆಟ್ಟವನೊಬ್ಬ ಬಾಗಿಲಲ್ಲಿ ಬಂದ ಅಂತಲೇ ಇಟ್ಟುಕೋ. ಎಂಬತ್ತು ಜನ ಚೆಲ್ಲಾಪಿಲ್ಲಿ ಓಡುತ್ತಿರುತ್ತಾರೆ. ನಿನ್ನ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಆಗ ಮಾತ್ರೆ ಏನು ಮಾಡೀತು. ನಿನ್ನ ಮುಂದಿನ ಬೆಂಚಿನಲ್ಲಿ ಯಾರು ಕೂರುತ್ತಾರೆ ನನಗೆ ಗೊತ್ತಿಲ್ಲ. ನಿನಗೆ ಗೊತ್ತು. ಒಮ್ಮೆ ಅವರ ಹೆಸರುಗಳನ್ನು ಹೇಳಿಕೋ.

ನೀನೇ ಹೋಗಿ ಪಾಸ್ಟರ್‌ಗೆ ಹೇಳು. ಬೇರೆಯವರು ಕಂಡುಹಿಡಿಯುವ ಮೊದಲು ಹೇಳು. ಆ ಜಾಗ ಹೋಗಬಹುದು. ಹೋಗುವುದಿಲ್ಲ ಅಂತ ಸುಳ್ಳು ಹೇಳಲಾರೆ.

ನಿನ್ನನ್ನು ಪ್ರೀತಿಸುವ
ವರ್ಲನ್

*

ಆಗಸ್ಟ್ 27, 2018

ನಿನ್ನ ಕಾಗದ ತಲುಪಿತು. ಅತ್ತಿಗೆಯ ಪಿಸ್ತೂಲು ನಿನ್ನಲ್ಲೇ ಇರಲಿ. ರಾಯ್ಸ್‌ನದು ನನ್ನಲ್ಲಿದೆ.

ಒಲೀಟಾ

*

ಸೆಪ್ಟೆಂಬರ್ 11, 2018

ಒಲೀಟಾ,

ಪರೀಕ್ಷೆಯ ದಿನ ಕಳೆದು ಹತ್ತು ದಿನವಾಯಿತು. ದಿನಾ ಅಂಚೆ ಡಬ್ಬಿಗೆ ಎರಡು ಸಲ ಹೋಗುತ್ತೇನೆ. ಅಂಚೆಯವಳು ಒಂದೇ ಸಲ ಬರುತ್ತಾಳೆ ಅಂತ ಗೊತ್ತಿದ್ದೂ ಹೋಗುತ್ತೇನೆ.

ಏನಾಯಿತು ಬರೆ. ಬಯ್ದಾದರೂ ಬರೆ.

ಅಣ್ಣ

*

ಸಿಡಾರ್ ಫೋರ್ಕ್
ಸೆಪ್ಟೆಂಬರ್ 24, 2018

ಪ್ರೀತಿಯ ಅಣ್ಣ,

ಬಯ್ಯಬೇಕು ಅಂತ ಎರಡು ಸಲ ಕೂತೆ. ಎರಡು ಸಲವೂ ಕೈಯೇ ಕೈಕೊಟ್ಟಿತು. ಇವತ್ತು ನೇಡೀನ್‌ಗೆ ಹೇಳಿ ಬರೆಸುತ್ತಿದ್ದೇನೆ. ಅವಳು ನನ್ನ ಮಾತಿಗೆ ತನ್ನದೇನೂ ಸೇರಿಸುವುದಿಲ್ಲ ಅಂತ ಆಣೆ ಮಾಡಿದ್ದಾಳೆ.

ನಾನು ಪರೀಕ್ಷೆಗೆ ಹೋದೆ. ರಾಯ್ಸ್‌ನ ದೊಡ್ಡ ಪಿಸ್ತೂಲು ತೆಗೆದುಕೊಂಡು ಹೋದೆ. ಒಂದು ಗಂಟೆ ಮೊದಲು ಮಾತ್ರೆ ನುಂಗಿದ್ದೆ. ಸ್ಲೈಡನ್ನು ನೀನು ಹೇಳಿಕೊಟ್ಟ ಹಾಗೆ ಎದೆಯ ಹತ್ತಿರ ಹಿಡಿದು ನೂಕಿದೆ. ಇಪ್ಪತ್ತಕ್ಕೆ ಹದಿನೇಳು ಬಿದ್ದವು. ನಾನು ಗೆದ್ದೆ, ಅಣ್ಣ. ಶೆರಿಫ್ ಕಚೇರಿಯವನು ನನ್ನ ಹೆಸರು ಬರೆದುಕೊಂಡ. ಡೆಲ್ಮರ್ ಟೋಪಿ ತೆಗೆದ. ಆಗ ನಿನ್ನ ಮೇಲಿನ ಸಿಟ್ಟು ತೀರಿತು ಅಂದುಕೊಂಡೆ. ನಿನಗೆ ಸೊಕ್ಕಿನ ಕಾಗದವೊಂದನ್ನು ಮನಸ್ಸಿನಲ್ಲೇ ಬರೆದೂ ಆಗಿತ್ತು.

ಮರುದಿನ ಭಾನುವಾರ. ನೀನು ಹೇಳಿದ ಹಾಗೆ ಅಗಲ ಪಟ್ಟಿ ಕಟ್ಟಿ, ಒರೆ ಸಿಕ್ಕಿಸಿ, ಮೇಲೆ ರಾಯ್ಸ್‌ನ ಕೋಟನ್ನೇ ಹಾಕಿಕೊಂಡು ಅವನ ಜಾಗದಲ್ಲಿ ಕೂತೆ. ಒಂದು ಗಂಟೆ ನಾನು ಈ ವರ್ಷದಲ್ಲೇ ಇಲ್ಲದಷ್ಟು ಸುಖವಾಗಿದ್ದೆ. ಪಾಸ್ಟರ್ ಟಾಲಿವರ್ ಆ ದಿನವೇ, ಮೋಶೆ ತನ್ನ ಜನರನ್ನು ಸಮುದ್ರ ದಾಟಿಸಿದ ಉದ್ದದ ಕಥೆ ಹಿಡಿದುಕೊಳ್ಳಬೇಕೆ. ಹನ್ನೆರಡಾದರೂ ಇಸ್ರಾಯೇಲ್ಯರು ಇನ್ನೂ ಸಮುದ್ರದ ಈಚೆ ದಡದಲ್ಲೇ ಇದ್ದರು. ಹನ್ನೆರಡೂ ಹತ್ತಕ್ಕೆ ಕೈ ಶುರುವಾಯಿತು. ಮಡಿಲಲ್ಲಿ ಒತ್ತಿ ಹಿಡಿದೆ, ನಿಲ್ಲಲಿಲ್ಲ. ಕೋಟಿನ ಬಟನ್ನು ಒರೆಗೆ ತಾಗಿ ಟಿಕ್ ಟಿಕ್ ಅನ್ನತೊಡಗಿತು.

ಮುಂದಿನ ಬೆಂಚಿನಲ್ಲಿ ರೀಟಾ ಮೇ ಗುತ್ರೀ, ಅವಳ ಗಂಡ, ಅವರ ಎರಡು ವರ್ಷದ ಮಗು. ಅದರ ಮುಂದೆ ಮುದುಕ ಕಾಲಿಸ್, ಕೆಳಗೆ ಬಾಗಿ ನಿದ್ದೆ. ಹೆಸರು ಹೇಳಿಕೋ ಅಂದಿದ್ದೆಯಲ್ಲ. ಹೇಳಿಕೊಳ್ಳಬಾರದು ಅಂತಲೇ ಕೂತಿದ್ದೆ, ತಾನಾಗಿ ಬಂದುಬಿಟ್ಟವು. ಎದ್ದು ಹೊರಗೆ ಹೋದೆ. ಪಿಸ್ತೂಲನ್ನು ಟ್ರಕ್ಕಿನ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದೆ. ಆ ಬೀಗ ಹಾಕಲು ಎರಡು ಕೈ ಬೇಕಾಯಿತು. ಒಳಗೆ ವಾಪಸ್ ಹೋಗಲಿಲ್ಲ.

ಬುಧವಾರ ಪಾಸ್ಟರ್‌ಗೆ, ಕಾವಲಿನ ನಾಲ್ವರಿಗೆ, ಡೆಲ್ಮರ್‌ಗೆ ಎಲ್ಲ ಹೇಳಿದೆ. ಡೆಲ್ಮರ್ ನೆಲ ನೋಡುತ್ತಿದ್ದ. ಆ ಜಾಗ ಅವನಿಗೆ ಹೋಯಿತು. ಮುಂದಿನ ಎರಡು ಭಾನುವಾರ ನಾನು ಹಾಸಿಗೆಯಿಂದ ಏಳಲೇ ಇಲ್ಲ. ನಿನ್ನ ಕಾಗದ ಬಂದದ್ದು ಆಗ. ನಿನ್ನನ್ನು ದ್ವೇಷಿಸುತ್ತಿದ್ದೆ. ನೀನು ಹೇಳಿದ್ದು ಸುಳ್ಳಾಗಿದ್ದಿದ್ದರೆ ದ್ವೇಷಿಸುತ್ತಿರಲಿಲ್ಲ.

ನಿನ್ನೆ ನೇಡೀನ್ ಬಂದು ಬಟ್ಟೆ ಹಾಕಿಸಿ ಎಳೆದುಕೊಂಡು ಹೋದಳು. ಇವಳೇ. ಈಗ ಬರೆಯುತ್ತಾ ನಗುತ್ತಿದ್ದಾಳೆ. ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬಾಗಿಲು ದಾಟಿ, ಆ ಗೋಡೆಯ ಕಡೆ ನೋಡದೆ, ನೇರ ಮೂರನೆಯ ಬೆಂಚಿಗೆ ನಡೆದೆ. ಅಲ್ಲಿಂದ ಮೂರು ಜನ ಹೆಂಗಸರು ನನಗೆ ಜಾಗ ಬಿಟ್ಟು ಸರಿಯುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಡೆಲ್ಮರ್ ಬಂದು ನಡುದಾರಿಯಲ್ಲಿ ಅಡ್ಡ ನಿಂತ.

"ಎಲ್ಲಿಗೆ ಹೊರಟೆ?" ಅಂದ.

ಬೆಂಚಿಗೆ ಅಂದೆ.

"ನಿನ್ನ ಬೆಂಚು ಅಲ್ಲಿದೆ," ಅಂದ. "ನೋಡು, ನಂಗೆ ಹೊಡಿಯೋದು ಗೊತ್ತು, ಜನ ಗೊತ್ತಿಲ್ಲ. ಹೋದ ವಾರ ಯಾರೋ ಒಬ್ಬ ಗಡ್ಡದವನು ಬಂದ, ನಂಗೆ ಬೆವರು ಕಿತ್ಕೊಂಡ್ ಬಂತು. ಆಮೇಲೆ ನೋಡಿದ್ರೆ ಗುತ್ರೀ ಮನೆ ಅಳಿಯ. ಈ ಊರಲ್ಲಿ ಅರ್ಧ ಜನಕ್ಕೆ ಚಿಕ್ಕೋರಿದ್ದಾಗ ಭಾನುವಾರದ ಬೈಬಲ್ ಪಾಠ ಹೇಳಿದೋಳು ನೀನು. ಬಾಗ್ಲಲ್ಲಿ ಬರೋರು ಯಾರು ಎತ್ತ ಅಂತ ನೀನು ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ. ರಾಯ್ಸ್‌ಗೂ ನೀನೇ ಹೇಳ್ತಿದ್ದೆ. ನಾನು ಒಂಬತ್ತು ವರ್ಷದಿಂದ ನೋಡಿದೀನಿ, ನೀನು ಅವನ ಕಿವೀಲಿ ಪಿಸುಗುಟ್ತಿದ್ದದ್ದನ್ನ."

ಅಣ್ಣ, ಅದು ನಿಜ. ಒಂಬತ್ತು ವರ್ಷ ಒಳಗೆ ಬಂದವರ ಹೆಸರೆಲ್ಲ ರಾಯ್ಸ್‌ಗೆ ನಾನೇ ಹೇಳುತ್ತಿದ್ದೆ, ಅವನಿಗೆ ಮುಖಗಳು ನೆನಪಿರುತ್ತಿರಲಿಲ್ಲ. ಅದೂ ಒಂದು ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ನಾನು ಹರಟೆ ಅಂದುಕೊಂಡಿದ್ದೆ.

ಡೆಲ್ಮರ್ ನನ್ನನ್ನು ಗೋಡೆಯ ಕಡೆಗೆ, ರಾಯ್ಸ್‌ನ ಜಾಗಕ್ಕೇ ಬಿಟ್ಟ. ತಾನು ಹೊರಗಿನ ತುದಿಯಲ್ಲಿ ಕೂತ. ಪಿಸ್ತೂಲು ತೆಗೆಯಲು ಅವನಿಗೆ ಬಲಗೈ ಬಿಡುವಾಗಿರಬೇಕಂತೆ, ಅದಕ್ಕೇ ಆ ತುದಿ, ಬೇರೇನೂ ಅಲ್ಲ ಅಂತ ಎರಡು ಸಲ ಹೇಳಿದ. ಗೋಡೆಗೆ ನನ್ನ ಭುಜ ತಾಗಿತು. ಬಣ್ಣ ಸವೆದ ಜಾಗಕ್ಕಿಂತ ನಾಲ್ಕು ಬೆರಳು ಕೆಳಗೆ.

ಕೊನೆಯ ಹಾಡಿಗೆ ಎಲ್ಲರೂ ಎದ್ದೆವು. ಮಾತ್ರೆಯ ಹೊತ್ತು ಆಗಲೇ ಮುಗಿದಿತ್ತು. ಹಾಡಿನ ಪುಸ್ತಕ ತೆರೆದೆ, ಹಾಳೆಗಳು ಪಟಪಟ ಅನ್ನತೊಡಗಿದವು. ಮುಚ್ಚಿಬಿಡೋಣ ಅಂದುಕೊಂಡೆ. ಡೆಲ್ಮರ್ ತನ್ನ ಪುಸ್ತಕವನ್ನು ಬೆಂಚಿನ ಮೇಲಿಟ್ಟ. ನನ್ನ ಕಡೆ ತಿರುಗದೆ, ಬಾಗಿಲನ್ನೇ ನೋಡುತ್ತಾ, ಎಡಗೈ ಚಾಚಿ ನನ್ನ ಪುಸ್ತಕದ ಇನ್ನೊಂದು ತುದಿ ಹಿಡಿದುಕೊಂಡ. ಪುಸ್ತಕ ನಿಂತಿತು. ನಾಲ್ಕು ಚರಣವನ್ನೂ ನಾವಿಬ್ಬರೂ ಅದರಲ್ಲೇ ನೋಡಿ ಹಾಡಿದೆವು.

ನಿನ್ನ ತಂಗಿ,
ಒಲೀಟಾ